ಸೇನೆ ಬಿಟ್ಟ ಮೇಲೆ ಬರುವ ರಜೆ ಸಾಲದ ಪತ್ರ: ಅಮೆರಿಕದ ಸೈನಿಕರು ಅದನ್ನು ಪ್ರಶ್ನಿಸುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳಲ್ಲಿ ಕೆಲವರು ಅಲ್ಲಿನ ಸೇನೆ ಸೇರುತ್ತಾರೆ. ಸೇರುವಾಗ ಮನೆಯಲ್ಲಿ ಸಂಬಳ, ಕಾಲೇಜು ಫೀಸು, ಎಲ್ಲಿಗೆ ಪೋಸ್ಟಿಂಗ್ ಅಂತ ಎಲ್ಲ ಚರ್ಚೆ ಆಗುತ್ತದೆ. ರಜೆ ಲೆಕ್ಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ನೆನಪಾಗುವುದು ಸೇವೆ ಮುಗಿಸಿ ಹೊರಗೆ ಬಂದ ಮೇಲೆ, "ನೀವು ಗಳಿಸಿದ್ದಕ್ಕಿಂತ ಜಾಸ್ತಿ ರಜೆ ತೆಗೆದುಕೊಂಡಿದ್ದೀರಿ, ಅಷ್ಟು ದಿನದ ಸಂಬಳ ವಾಪಸ್ ಕಟ್ಟಿ" ಅನ್ನುವ ಪತ್ರ ಕೈಗೆ ಬಂದಾಗ.

ಆ ಪತ್ರದಲ್ಲಿರುವ ಮೊತ್ತ ಸರಿಯಾಗಿರಬಹುದು, ಅರ್ಧ ಸರಿ ಇರಬಹುದು, ಪೂರ್ತಿ ತಪ್ಪೂ ಇರಬಹುದು. ಪತ್ರ ಕಳಿಸಿದವರಿಗೂ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಮೊದಲು ರಜೆ ಹೇಗೆ ಹುಟ್ಟುತ್ತದೆ, ಹೇಗೆ ಸಾಲವಾಗುತ್ತದೆ ನೋಡೋಣ.

ರಜೆಯ ಖಾತೆ

ಅಮೆರಿಕದ ಸೇನೆಯಲ್ಲಿ ಪೂರ್ಣಾವಧಿ ಸೇವೆಯಲ್ಲಿರುವ ಪ್ರತಿಯೊಬ್ಬರಿಗೂ ತಿಂಗಳಿಗೆ 2.5 ದಿನ ರಜೆ ಸಿಗುತ್ತದೆ. ವರ್ಷಕ್ಕೆ 30 ದಿನ. ಇದರಲ್ಲಿ ಹೊಸಬ, ಹಳಬ, ಅಧಿಕಾರಿ, ಸಾಮಾನ್ಯ ಸೈನಿಕ ಅನ್ನುವ ಭೇದ ಇಲ್ಲ. ವರ್ಷ ಅಂದರೆ ಅಲ್ಲಿನ ಸರ್ಕಾರದ ಹಣಕಾಸು ವರ್ಷ, ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗೆ. ಸಾಮಾನ್ಯವಾಗಿ 60 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ಅದಕ್ಕಿಂತ ಜಾಸ್ತಿ ಉಳಿದರೆ, ವಿಶೇಷ ವಿನಾಯಿತಿ ಇಲ್ಲದಿದ್ದರೆ, ಅದು ಹೋಯಿತು ಅಂತಲೇ ಲೆಕ್ಕ.

30 ದಿನ ಕೇಳೋಕೆ ಜೋರಾಗಿದೆ, ಅಲ್ವಾ? ಆದರೆ ಅದು ಕ್ಯಾಲೆಂಡರ್ ದಿನಗಳ ಲೆಕ್ಕ. ರಜೆಯ ನಡುವೆ ಬರುವ ಶನಿವಾರ, ಭಾನುವಾರ, ಸರ್ಕಾರಿ ರಜಾದಿನ ಎಲ್ಲವೂ ರಜೆಯಾಗಿಯೇ ಕಡಿತವಾಗುತ್ತವೆ. ಎರಡು ವಾರ ಊರಿಗೆ ಹೋಗಿ ಬಂದರೆ 10 ದಿನ ಅಲ್ಲ, 14 ದಿನ ಖರ್ಚು.

ಇದನ್ನು ಬ್ಯಾಂಕ್ ಖಾತೆಯ ಹಾಗೆ ನೋಡಿದರೆ ಸುಲಭ. ಪ್ರತಿ ತಿಂಗಳು 2.5 ಜಮಾ, ತೆಗೆದುಕೊಂಡಷ್ಟು ಖರ್ಚು. ಖಾತೆ ಖಾಲಿಯಾದ ಮೇಲೂ ಕಮಾಂಡರ್ ಒಪ್ಪಿದರೆ ಇನ್ನೂ ಸ್ವಲ್ಪ ತೆಗೆಯಬಹುದು. ಮುಂದೆ ಗಳಿಸಲಿರುವ ರಜೆಯನ್ನು ಈಗಲೇ ಬಳಸುವುದು ಇದು, ಇದಕ್ಕೆ ಅಡ್ವಾನ್ಸ್ ಲೀವ್ ಅನ್ನುತ್ತಾರೆ. ಬಾಕಿ ಮೈನಸ್‌ಗೆ ಹೋಗುತ್ತದೆ, ಆದರೆ ಸಂಬಳ ಮಾಮೂಲಿನಂತೆ ಬರುತ್ತಲೇ ಇರುತ್ತದೆ. ಮುಂದಿನ ತಿಂಗಳುಗಳ ಸೇವೆ ಆ ಮೈನಸ್ಸನ್ನು ತುಂಬಿಕೊಳ್ಳುತ್ತದೆ.

ತುಂಬಿಕೊಳ್ಳುವ ಮೊದಲೇ ಸೇವೆ ಮುಗಿದರೆ? ಆಗ ಉಳಿದ ಮೈನಸ್ ದಿನಗಳು ಎಕ್ಸೆಸ್ ಲೀವ್ ಆಗುತ್ತವೆ. ಎಕ್ಸೆಸ್ ಲೀವ್ ಅಂದರೆ ಸಂಬಳವೂ ಇಲ್ಲದ, ಭತ್ಯೆಯೂ ಇಲ್ಲದ ರಜೆ. ಆ ದಿನಗಳಿಗೆ ಆಗಲೇ ಹಣ ಕೊಟ್ಟಾಗಿದೆ. ಹಾಗಾಗಿ ಅದು ಸಾಲ.

ಕಳ್ಳಾಟ ಆಡಿದವರಿಗೆ ಮಾತ್ರ ಇಂಥ ಪತ್ರ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಪ್ಪಿಗೆ ಪಡೆದೇ ರಜೆ ಹಾಕಿ, ಆಮೇಲೆ ಆರೋಗ್ಯದ ಕಾರಣಕ್ಕೆ ಆರು ತಿಂಗಳು ಮೊದಲೇ ಸೇನೆ ಬಿಡಬೇಕಾಗಿ ಬಂದವರಿಗೂ ಬರುತ್ತದೆ.

ಸಂಬಳ ಚೀಟಿಯ ಒಂದು ಸಾಲು

ಸೈನಿಕರಿಗೆ ಪ್ರತಿ ತಿಂಗಳು ಸಿಗುವ ಸಂಬಳ ಚೀಟಿಗೆ ಎಲ್‌ಇಎಸ್ ಅನ್ನುತ್ತಾರೆ. ಲೀವ್ ಆ್ಯಂಡ್ ಅರ್ನಿಂಗ್ಸ್ ಸ್ಟೇಟ್‌ಮೆಂಟ್. ಹೆಸರಲ್ಲಿ ರಜೆಯೇ ಮೊದಲು ಬರುತ್ತದೆ, ಆದರೆ ಎಲ್ಲರ ಕಣ್ಣು ಹೋಗುವುದು ಹಣದ ಕಡೆಗೇ. ರಜೆಯ ಸಾಲು ಕೆಳಗಡೆ ಚಿಕ್ಕ ಚೌಕಗಳಲ್ಲಿ ಇರುತ್ತದೆ: ಹಿಂದಿನ ವರ್ಷದಿಂದ ತಂದ ಬಾಕಿ, ಈ ವರ್ಷ ಗಳಿಸಿದ್ದು, ಬಳಸಿದ್ದು, ಈಗಿನ ಬಾಕಿ, ಸೇವೆ ಮುಗಿಯುವ ದಿನಕ್ಕೆ ಎಷ್ಟು ಇರಬಹುದು ಅನ್ನುವ ಅಂದಾಜು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಸುಮ್ನೆ ಲೆಕ್ಕಕ್ಕೆ. ಒಬ್ಬ ಸೈನಿಕನ ಮಾರ್ಚ್ ತಿಂಗಳ ಚೀಟಿಯಲ್ಲಿ ತಂದ ಬಾಕಿ 12, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರು ತಿಂಗಳಲ್ಲಿ ಗಳಿಸಿದ್ದು 15, ಬಳಸಿದ್ದು 35. ಈಗಿನ ಬಾಕಿ ಮೈನಸ್ 8. ಅವನ ಸೇವೆ ಸೆಪ್ಟೆಂಬರ್ 30ಕ್ಕೆ ಮುಗಿಯುವುದಾದರೆ ಇನ್ನೂ 15 ದಿನ ಸೇರುತ್ತದೆ, ಆಗ ಪ್ಲಸ್ 7. ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ. ಆದರೆ ಅದೇ ಮನುಷ್ಯ ಮಾರ್ಚ್ 31ಕ್ಕೇ ಬಿಡುಗಡೆಯಾದರೆ 8 ದಿನದ ಸಾಲ.

ಹಣದಲ್ಲಿ ಎಷ್ಟು? ಸೇನೆಯ ಸಂಬಳದ ಲೆಕ್ಕದಲ್ಲಿ ತಿಂಗಳಿಗೆ 30 ದಿನ. ಮೂಲ ವೇತನ 3,000 ಡಾಲರ್ ಇದ್ದರೆ ದಿನಕ್ಕೆ 100. ಎಂಟು ದಿನಕ್ಕೆ 800 ಡಾಲರ್, ಅದರ ಮೇಲೆ ಆ ದಿನಗಳ ಊಟದ ಭತ್ಯೆ, ಮನೆ ಭತ್ಯೆ.

ಈಗ ಆ 35 ದಿನದಲ್ಲಿ 10 ದಿನ ಅವನು ಮಂಡಿ ಆಪರೇಷನ್ ಮಾಡಿಸಿಕೊಂಡು ವೈದ್ಯರು ಹೇಳಿದ ಮೇಲೆ, ಒಪ್ಪಿಗೆ ಪಡೆದು ವಿಶ್ರಾಂತಿಯಲ್ಲಿದ್ದ ಅಂತಿಟ್ಟುಕೊಳ್ಳಿ. ಅದು ಕಾನ್ವಲೆಸೆಂಟ್ ಲೀವ್. ಚೇತರಿಕೆಯ ಈ ರಜೆ ಖಾತೆಯಿಂದ ಕಡಿತವಾಗಬಾರದು. ಯಾರೋ ಕಂಪ್ಯೂಟರಿನಲ್ಲಿ ಅದನ್ನು ಸಾಮಾನ್ಯ ರಜೆ ಅಂತ ಹಾಕಿಬಿಟ್ಟಿದ್ದಾರೆ. ಸರಿ ಮಾಡಿದರೆ ಬಳಸಿದ್ದು 25, ಬಾಕಿ ಪ್ಲಸ್ 2. ಸಾಲ ಇಲ್ಲವಾಗುವುದಷ್ಟೇ ಅಲ್ಲ, ಗೌರವಯುತವಾಗಿ ಹೊರಬಂದವನು ಉಳಿದ ರಜೆಯನ್ನು ಮೂಲ ವೇತನದ ದರದಲ್ಲಿ ಮಾರಬಹುದು, ಇಡೀ ಸೇವಾವಧಿಯಲ್ಲಿ ಒಟ್ಟು 60 ದಿನದವರೆಗೆ. ಅಂದರೆ 800 ಡಾಲರ್ ಕೊಡಬೇಕಾದವನು 200 ಡಾಲರ್ ಪಡೆಯಬೇಕಾದವನಾಗುತ್ತಾನೆ. ಒಂದೇ ಒಂದು ತಪ್ಪು ಎಂಟ್ರಿಯಿಂದ ಇಷ್ಟು ವ್ಯತ್ಯಾಸ.

ತಪ್ಪು ನುಸುಳುವ ಜಾಗಗಳು

ರಜೆ ಮಂಜೂರಾಗಿ ಆಮೇಲೆ ರದ್ದಾದದ್ದು, ಅಥವಾ ಅರ್ಧಕ್ಕೇ ವಾಪಸ್ ಬಂದದ್ದು ತೀರಾ ಮಾಮೂಲಿ. ಯೂನಿಟ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಕಡತದಲ್ಲಿ ಮಾತ್ರ ಹಳೇ ತಾರೀಖೇ ಇರುತ್ತದೆ. ಒಂದೇ ರಜೆ ಎರಡು ಸಲ ದಾಖಲಾಗುವುದೂ ಇದೆ. ಕಾಗದದ ಅರ್ಜಿಯಿಂದ ಒಂದು ಸಲ, ಆನ್‌ಲೈನ್‌ನಿಂದ ಇನ್ನೊಂದು ಸಲ. ಭೂಸೇನೆಯಲ್ಲಿ ಬಹಳ ಕಾಲ ರಜೆ ಅಂದರೆ ಡಿಎ 31 ಅನ್ನುವ ಫಾರಂ, ಈಗ ಐಪಿಪಿಎಸ್-ಎ ಅನ್ನುವ ವ್ಯವಸ್ಥೆ. ವಾಯುಸೇನೆಯವರಿಗೆ ಲೀವ್‌ವೆಬ್. ಒಂದೊಂದು ಪಡೆಗೆ ಒಂದೊಂದು ದಾರಿ.

ವರ್ಗಾವಣೆಯ ಸಮಯ ಇನ್ನೊಂದು ಗೊಂದಲದ ಜಾಗ. ಒಂದು ನೆಲೆಯಿಂದ ಇನ್ನೊಂದಕ್ಕೆ ಸ್ವಂತ ಕಾರಲ್ಲಿ ಹೋಗುವವರಿಗೆ ಸುಮಾರು 350 ಮೈಲಿಗೆ ಒಂದು ದಿನದಂತೆ ಪ್ರಯಾಣದ ದಿನ ಸಿಗುತ್ತದೆ. ಅದು ರಜೆ ಅಲ್ಲ. 1,400 ಮೈಲಿ ದೂರಕ್ಕೆ 4 ದಿನ. ಹೊರಟು ತಲುಪುವ ನಡುವೆ 18 ದಿನ ಕಳೆದಿದ್ದರೆ ರಜೆಯಾಗಿ ಕಡಿತ ಆಗಬೇಕಾದ್ದು 14. ಪ್ರಯಾಣದ ಬಿಲ್ಲು ಸರಿಯಾಗಿ ಇತ್ಯರ್ಥ ಆಗದಿದ್ದರೆ 18ಕ್ಕೆ 18ನ್ನೂ ರಜೆ ಮಾಡಿರುತ್ತಾರೆ. ಮನೆ ಹುಡುಕೋಕೆ ಕೊಟ್ಟ ದಿನಗಳು, ವಾರಾಂತ್ಯದ ಪಾಸು, ಮಗು ಹುಟ್ಟಿದಾಗಿನ ಪೋಷಕರ ರಜೆ, ಇವು ಯಾವುವೂ ಖಾತೆಯಿಂದ ಹೋಗಬಾರದು. ಆದರೆ ಎಮರ್ಜೆನ್ಸಿ ಲೀವ್ ಹೋಗುತ್ತದೆ. ಅಪ್ಪನಿಗೆ ಹುಷಾರಿಲ್ಲ ಅಂತ ಓಡಿ ಬಂದ ದಿನಗಳು ಲೆಕ್ಕಕ್ಕೆ ಸೇರುತ್ತವೆ ಅನ್ನುವುದು ಎಷ್ಟೋ ಜನರಿಗೆ ಪತ್ರ ಬಂದಾಗಲೇ ತಿಳಿಯುವುದು.

ಗಳಿಕೆಯ ಕಡೆಯೂ ತಪ್ಪಾಗಬಹುದು. ಅನುಮತಿಯಿಲ್ಲದೆ ಗೈರಾದ ದಿನಗಳಿಗೆ, ಸೆರೆಯಲ್ಲಿದ್ದ ದಿನಗಳಿಗೆ ರಜೆ ಹುಟ್ಟುವುದಿಲ್ಲ. ಅಂಥ ದಿನಗಳನ್ನು ತಪ್ಪಾಗಿ ತೋರಿಸಿದ್ದರೆ ಗಳಿಸಿದ ರಜೆಯೂ ಕಡಿಮೆಯಾಗುತ್ತದೆ. ಅರೆಕಾಲಿಕ ಪಡೆಗಳಾದ ನ್ಯಾಷನಲ್ ಗಾರ್ಡ್ ಮತ್ತು ರಿಸರ್ವ್‌ನವರಿಗೆ ಸತತ 30 ದಿನ ಅಥವಾ ಅದಕ್ಕಿಂತ ಹೆಚ್ಚಿನ ಸಕ್ರಿಯ ಸೇವೆಯ ಆದೇಶ ಇದ್ದಾಗ ಮಾತ್ರ ರಜೆ ಸೇರುತ್ತದೆ. ಆದೇಶವನ್ನು ನಡುವೆ ತಿದ್ದಿದರೆ ಸೇರಿದ್ದ ರಜೆ ಹಿಂದಕ್ಕೆ ಹೋಗುತ್ತದೆ.

ಹಣದ ಕೌಂಟರ್ ಬೇರೆ, ಹಾಜರಿ ಪುಸ್ತಕ ಬೇರೆ

ಪತ್ರ ಕಳಿಸುವುದು ಡಿಎಫ್‌ಎಎಸ್. ಸೈನಿಕರ ಬಾಯಲ್ಲಿ ಡಿ-ಫಾಸ್. 1991ರಲ್ಲಿ ಶುರುವಾದ, ಇಂಡಿಯಾನಾಪೊಲಿಸ್‌ನಲ್ಲಿ ಮುಖ್ಯ ಕಚೇರಿ ಇರುವ, ರಕ್ಷಣಾ ಇಲಾಖೆಯ ಸಂಬಳ ಬಟವಾಡೆ ಸಂಸ್ಥೆ. ಅದಕ್ಕೆ ನೀವು ಯಾವ ದಿನ ಎಲ್ಲಿದ್ದಿರಿ ಅನ್ನುವುದು ಗೊತ್ತಿಲ್ಲ. ನಿಮ್ಮ ಪಡೆ ಏನು ದಾಖಲಿಸಿತೋ ಅದರ ಮೇಲೆ ಕೂಡಿ ಕಳೆಯುತ್ತದೆ, ಅಷ್ಟೆ.

ತುಂಬಾ ಜನ ಸೋಲುವುದು ಇಲ್ಲಿ. ಡಿಎಫ್‌ಎಎಸ್‌ಗೆ ಫೋನ್ ಮಾಡಿ ಗಂಟೆಗಟ್ಟಲೆ ಕಾದು "ನಾನು ಅಷ್ಟು ರಜೆ ತಗೊಂಡೇ ಇಲ್ಲ" ಅನ್ನುತ್ತಾರೆ. ಅತ್ತ ಕಡೆಯವರು ಪರದೆ ನೋಡಿ "ದಾಖಲೆಯಲ್ಲಿ ಹಾಗೇ ಇದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ರಜೆಯ ದಾಖಲೆ ತಿದ್ದಬೇಕಾದದ್ದು ನಿಮ್ಮ ಹಳೇ ಯೂನಿಟ್, ಆ ನೆಲೆಯ ಹಣಕಾಸು ಕಚೇರಿ ಅಥವಾ ಸಿಬ್ಬಂದಿ ಕಚೇರಿ. ಅಲ್ಲಿ ತಿದ್ದಿದರೆ ಡಿಎಫ್‌ಎಎಸ್ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಎರಡು ಕಡೆಗೂ ಬರೆಯಬೇಕು.

ಸಾಲವೇ ತಪ್ಪೋ, ಮನ್ನಾ ಬೇಕೋ?

ಪತ್ರಕ್ಕೆ ಉತ್ತರ ಬರೆಯುವ ಮೊದಲು ಇದನ್ನು ನಿರ್ಧರಿಸಿಕೊಳ್ಳಬೇಕು. "ನಾನು ಈ ಹಣ ಕೊಡಬೇಕಾಗಿಯೇ ಇಲ್ಲ" ಅನ್ನುವುದು ಒಂದು ವಾದ. "ಕೊಡಬೇಕಾದ್ದು ಹೌದು, ಆದರೆ ತಪ್ಪು ನನ್ನದಲ್ಲ, ಬಿಟ್ಟುಬಿಡಿ" ಅನ್ನುವುದು ಪೂರ್ತಿ ಬೇರೆ. ಮೊದಲನೆಯದು ತಕರಾರು, ಇದಕ್ಕೆ ದಾಖಲೆ ಬೇಕು. ಎರಡನೆಯದು ಮನ್ನಾ ಅರ್ಜಿ. ಅದಕ್ಕೆ ಡಿಡಿ 2789 ಅನ್ನುವ ಫಾರಂ ಇದೆ. ಇವೆರಡನ್ನೂ ಒಂದೇ ಕಾಗದದಲ್ಲಿ ಕಲಸಿ ಬರೆದರೆ ಓದುವವನಿಗೆ ನಿಮಗೆ ಏನು ಬೇಕು ಅಂತಲೇ ತಿಳಿಯುವುದಿಲ್ಲ.

ಮನ್ನಾಗೆ ಆಧಾರ ಅಮೆರಿಕದ ಕಾನೂನು ಸಂಹಿತೆಯ 10ನೇ ಭಾಗದ 2774ನೇ ಕಲಂ. ತಪ್ಪಾಗಿ ಕೊಟ್ಟ ಸಂಬಳವನ್ನು ವಾಪಸ್ ಕೇಳುವುದು ನ್ಯಾಯಕ್ಕೂ ಮನಸ್ಸಾಕ್ಷಿಗೂ ವಿರುದ್ಧ ಅನಿಸಿದರೆ ಬಿಟ್ಟುಕೊಡಬಹುದು ಅನ್ನುತ್ತದೆ ಅದು. ತಪ್ಪು ಪತ್ತೆಯಾದ 5 ವರ್ಷದೊಳಗೆ ಅರ್ಜಿ ಹೋಗಬೇಕು. ವಂಚನೆ, ಸುಳ್ಳು ಮಾಹಿತಿ, ಅರ್ಜಿದಾರನದೇ ತಪ್ಪು ಅಥವಾ ಅಪ್ರಾಮಾಣಿಕತೆಯ ಸುಳಿವು ಕಂಡರೂ ಮನ್ನಾ ಇಲ್ಲ. "ಚೀಟಿಯಲ್ಲಿ ಮೈನಸ್ ಅಂತ ತಿಂಗಳುಗಟ್ಟಲೆ ಇತ್ತಲ್ಲ, ಯಾಕೆ ಕೇಳಲಿಲ್ಲ?" ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ.

ಇನ್ನೊಂದು ತೊಡಕಿದೆ. ಮನ್ನಾ ಇರುವುದು ತಪ್ಪಾಗಿ ಕೊಟ್ಟ ಹಣಕ್ಕೆ. ಕೊಡುವಾಗ ಸರಿಯಾಗಿಯೇ ಇದ್ದು ಆಮೇಲೆ ಸಾಲವಾದ ಹಣವನ್ನು ಸಾಮಾನ್ಯವಾಗಿ ತಪ್ಪು ಪಾವತಿ ಅಂತ ಪರಿಗಣಿಸುವುದಿಲ್ಲ. ಕ್ರಮಬದ್ಧವಾಗಿ ಮಂಜೂರಾದ ಅಡ್ವಾನ್ಸ್ ಲೀವ್‌ನ ಸಂಬಳ ಈ ತೊಡಕಿಗೆ ಸಿಕ್ಕಿಕೊಳ್ಳಬಹುದು. ಅಂಥವರು ರೆಮಿಷನ್ ಕಡೆ ನೋಡಬೇಕು. ಅಂದರೆ ಆಯಾ ಪಡೆಯ ಕಾರ್ಯದರ್ಶಿ ತಮ್ಮ ಅಧಿಕಾರ ಬಳಸಿ ಸಾಲ ರದ್ದು ಮಾಡುವುದು. ಭೂಸೇನೆಯಲ್ಲಿ ಇದಕ್ಕೆ ಡಿಎ 3508 ಫಾರಂ ಇದೆ. ಅನ್ಯಾಯವಾಗಿದೆ ಅನ್ನುವುದರ ಜೊತೆಗೆ ಮನೆಯ ಆರ್ಥಿಕ ಕಷ್ಟವನ್ನೂ ಅಲ್ಲಿ ಹೇಳಿಕೊಳ್ಳಬಹುದು.

ಸರ್ಕಾರ ತನ್ನದೇ ತಪ್ಪಿಗೆ ಹಣ ವಾಪಸ್ ಕೇಳುತ್ತದಾ ಅಂದರೆ, ಕೇಳುತ್ತದೆ. ಕ್ಯಾಲಿಫೋರ್ನಿಯಾ ನ್ಯಾಷನಲ್ ಗಾರ್ಡ್‌ನಲ್ಲಿ ಇರಾಕ್, ಅಫ್ಘಾನಿಸ್ತಾನ ಯುದ್ಧದ ಕಾಲದಲ್ಲಿ ಸಾವಿರಾರು ಸೈನಿಕರಿಗೆ ಕೊಟ್ಟ ಬೋನಸ್‌ಗಳನ್ನು ವರ್ಷಗಳ ಮೇಲೆ ವಾಪಸ್ ಕೇಳಲಾಯಿತು. ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ 2016ರ ಅಕ್ಟೋಬರ್‌ನಲ್ಲಿ ಆಗಿನ ರಕ್ಷಣಾ ಕಾರ್ಯದರ್ಶಿ ಆಷ್ಟನ್ ಕಾರ್ಟರ್ ವಸೂಲಿ ನಿಲ್ಲಿಸಲು ಹೇಳಿದರು. ಅದು ರಜೆಯ ಪ್ರಕರಣ ಅಲ್ಲ. ಆದರೆ "ತಪ್ಪು ಅವರದು, ಹಾಗಾಗಿ ಸಾಲ ಇಲ್ಲ" ಅನ್ನುವ ನಂಬಿಕೆ ಎಷ್ಟು ಪೊಳ್ಳು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ.

ಪತ್ರ ಬಂದ ಮೇಲಿನ 30 ದಿನ

ಸಾಮಾನ್ಯವಾಗಿ ಸಾಲದ ಹಣವನ್ನು ಮೊದಲು ಕೊನೆಯ ಸಂಬಳದಿಂದಲೇ ಹಿಡಿಯುತ್ತಾರೆ. ಅದರಿಂದ ತೀರದೆ ಉಳಿದದ್ದು ಪತ್ರವಾಗಿ ಬರುತ್ತದೆ. ಪತ್ರದ ತಾರೀಖಿನಿಂದ 30 ದಿನದೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ತಡವಾದರೆ ಬಡ್ಡಿ, 90 ದಿನ ಮೀರಿದ ಬಾಕಿಗೆ ವರ್ಷಕ್ಕೆ 6%ವರೆಗೆ ದಂಡ. ಬಾಕಿ 120 ದಿನ ದಾಟಿದರೆ ಅದು ಖಜಾನೆ ಇಲಾಖೆಗೆ ಹೋಗುತ್ತದೆ. ಆಮೇಲೆ ತೆರಿಗೆ ರೀಫಂಡ್ ಹಿಡಿಯಬಹುದು, ಖಾಸಗಿ ವಸೂಲಿ ಕಂಪನಿಗೆ ಕೊಡಬಹುದು, ಕ್ರೆಡಿಟ್ ದಾಖಲೆಗೆ ಹಾಕಬಹುದು, ಹೊಸ ಕೆಲಸದ ಸಂಬಳದಿಂದ 15%ವರೆಗೆ ಕಡಿತ ಮಾಡಿಸಬಹುದು. ವಸೂಲಿ ಶುಲ್ಕವೂ ಸೇರುತ್ತದೆ. ಹಳೇ ಸಾಲ ತಾನಾಗಿ ಸಾಯುತ್ತದೆ ಅನ್ನುವ ಭರವಸೆಯೂ ಬೇಡ. ಕೇಂದ್ರ ಸರ್ಕಾರದ ಸಾಲವನ್ನು ಈ ರೀತಿ ಹಿಡಿದುಕೊಳ್ಳೋಕೆ ಇದ್ದ 10 ವರ್ಷದ ಮಿತಿಯನ್ನು 2008ರಲ್ಲೇ ತೆಗೆದುಹಾಕಿದ್ದಾರೆ.

ಇನ್ನೊಂದು ಕಡೆ, ಕಾನೂನು ನಿಮಗೂ ಕೆಲವು ಹಕ್ಕು ಕೊಟ್ಟಿದೆ. ಸಾಲದ ಬಗ್ಗೆ ಲಿಖಿತ ನೋಟಿಸು ಬರಬೇಕು, ಅದಕ್ಕೆ ಸಂಬಂಧಿಸಿದ ದಾಖಲೆ ನೋಡಿ ಪ್ರತಿ ಪಡೆಯಬಹುದು, ನಿರ್ಧಾರವನ್ನು ಮರುಪರಿಶೀಲಿಸಿ ಅಂತ ಕೇಳಬಹುದು, ಕಂತಿನಲ್ಲಿ ಕಟ್ಟುವ ಒಪ್ಪಂದ ಕೇಳಬಹುದು. ಇದರಲ್ಲಿ ದಾಖಲೆ ಕೇಳುವ ಹಕ್ಕನ್ನು ಜನ ಬಳಸುವುದೇ ಇಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಬೆಲೆಬಾಳುವುದು. ಮೊದಲ ಪತ್ರದಲ್ಲಿ ಇಷ್ಟು ಬರೆದರೆ ಸಾಕು: ಈ ಸಾಲವನ್ನು ನಾನು ಒಪ್ಪುವುದಿಲ್ಲ, ಯಾವ ಯಾವ ತಾರೀಖಿನ ರಜೆಯಿಂದ ಇದು ಬಂತು ಅನ್ನುವ ಪಟ್ಟಿ ಮತ್ತು ಪ್ರತಿ ರಜೆಯ ಮೂಲ ಕಾಗದ ಕೊಡಿ, ಪರಿಶೀಲನೆ ಮುಗಿಯುವ ತನಕ ವಸೂಲಿ ನಿಲ್ಲಿಸಿ. ಕೊನೆಯ ಸಾಲನ್ನು ಬಿಡಬೇಡಿ. ತಕರಾರು ಅಥವಾ ಮನ್ನಾ ಅರ್ಜಿ ಹಾಕಿದ ಮಾತ್ರಕ್ಕೆ ಕಡಿತ ತಾನಾಗಿ ನಿಲ್ಲುತ್ತದೆ ಅಂತ ನಂಬಿಕೊಂಡು ಕೂರಬಾರದು. ಕಳಿಸಿದ್ದರ ಪ್ರತಿ, ಅಂಚೆ ರಸೀದಿ ಇಟ್ಟುಕೊಳ್ಳಿ.

ಅದೇ ದಿನ ಡಿಎಫ್‌ಎಎಸ್‌ನ ಮೈಪೇ ಅನ್ನುವ ಜಾಲತಾಣಕ್ಕೆ ಹೋಗಿ ಸಿಗುವಷ್ಟು ಎಲ್‌ಇಎಸ್‌ಗಳನ್ನು ಇಳಿಸಿಕೊಳ್ಳಿ. ಸೇನೆ ಬಿಟ್ಟವರಿಗೆ ಆ ಬಾಗಿಲು ಸುಮಾರು ಒಂದು ವರ್ಷ ಮಾತ್ರ ತೆರೆದಿರುತ್ತದೆ.

ದಿನದ ಲೆಕ್ಕ ಬರೆಯುವುದು

ತಕರಾರು ಗೆಲ್ಲುವುದು ತಾರೀಖುಗಳಿಂದ. ನಾಲ್ಕು ವರ್ಷ ಎಷ್ಟು ಕಷ್ಟಪಟ್ಟೆ ಅನ್ನುವುದು ನಿಜವೇ ಇರಬಹುದು, ಆದರೆ ರಜೆ ವಿಭಾಗದ ಗುಮಾಸ್ತನಿಗೆ ಅದರಿಂದ ತಿದ್ದೋಕೆ ಏನೂ ಸಿಗುವುದಿಲ್ಲ. ಸಂಬಳ ಚೀಟಿಗಳನ್ನು ತಿಂಗಳ ಕ್ರಮದಲ್ಲಿ ಹರಡಿಕೊಂಡು "ಬಳಸಿದ್ದು" ಅನ್ನುವ ಅಂಕಿ ಯಾವ ತಿಂಗಳು ಎಷ್ಟು ಏರಿತು ನೋಡಿ. ಪ್ರತಿ ಏರಿಕೆಗೂ ಒಂದು ರಜೆ ನೆನಪಾಗಬೇಕು. ನೆನಪಾಗದ ಏರಿಕೆ ಕಂಡರೆ ತನಿಖೆ ಅಲ್ಲಿಂದ ಶುರು.

ಮೇಲಿನ ಮಂಡಿ ಆಪರೇಷನ್ ಉದಾಹರಣೆಯಲ್ಲಿ ತಕರಾರಿನ ಸಾಲು ಹೀಗಿರುತ್ತದೆ: "ಜನವರಿ 8ರಿಂದ 17, 10 ದಿನ, ಸಾಮಾನ್ಯ ರಜೆ ಎಂದು ದಾಖಲಾಗಿದೆ. ಇದು ಕಾನ್ವಲೆಸೆಂಟ್ ಲೀವ್. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ವೈದ್ಯರ ಶಿಫಾರಸು, ಕಮಾಂಡರ್ ಒಪ್ಪಿಗೆ ಲಗತ್ತಿಸಿದೆ. 10 ದಿನ ವಾಪಸ್ ಸೇರಿಸಬೇಕು." ಅಷ್ಟೇ. ಪ್ರತಿ ತಪ್ಪಿಗೂ ಇಂಥದೊಂದು ಸಾಲು, ಕೊನೆಯಲ್ಲಿ ಸರಿಯಾದ ಬಾಕಿ ಎಷ್ಟು ಅನ್ನುವ ಕೂಡಿಕೆ.

ರಜೆಯಿಂದ ಬೇಗ ಬಂದದ್ದನ್ನು ತೋರಿಸೋಕೆ ವಿಮಾನದ ಬೋರ್ಡಿಂಗ್ ಪಾಸ್, ಯೂನಿಟ್‌ನ ಸಹಿ ಪುಸ್ತಕ, ಡ್ಯೂಟಿ ಪಟ್ಟಿ, ಆ ದಿನ ನೆಲೆಯ ಆಸ್ಪತ್ರೆಯಲ್ಲಿ ಹಲ್ಲು ತೋರಿಸಿದ ಚೀಟಿ, ಏನಾದರೂ ಆಗುತ್ತದೆ. ಆಗ ಮೇಲ್ವಿಚಾರಕರಾಗಿದ್ದ ಸಾರ್ಜೆಂಟ್ ತಾರೀಖು ಸಮೇತ ಸಹಿ ಮಾಡಿ ಕೊಟ್ಟ ಹೇಳಿಕೆಗೂ ತೂಕ ಇದೆ. ವರ್ಗಾವಣೆಯ ದಿನಗಳಿಗೆ ಆದೇಶದ ಪ್ರತಿ ಮತ್ತು ಇತ್ಯರ್ಥವಾದ ಪ್ರಯಾಣದ ಬಿಲ್ಲು ಬೇಕು. ಬಿಡುಗಡೆ ಪತ್ರವಾದ ಡಿಡಿ 214ನ್ನೂ ಒಮ್ಮೆ ಓದಿ. ಮಾರಿದ ರಜೆಯ ದಿನ ಎಷ್ಟು ಅನ್ನುವ ಚೌಕ ಅದರಲ್ಲಿದೆ, ಎಕ್ಸೆಸ್ ಲೀವ್ ಇದ್ದರೆ ಷರಾ ಭಾಗದಲ್ಲಿ ನಮೂದಾಗಿರುತ್ತದೆ. ರಜೆ ಮಾರಿದ್ದಾರೆ ಅಂತ ಒಂದು ಕಾಗದ, ರಜೆ ಸಾಲ ಇದೆ ಅಂತ ಇನ್ನೊಂದು ಕಾಗದ ಹೇಳಿದರೆ ಎರಡೂ ಒಟ್ಟಿಗೆ ಹೊಂದುವುದು ಕಷ್ಟ. ಅದನ್ನು ಪತ್ರದ ಮೊದಲಲ್ಲೇ ತೋರಿಸಬೇಕು.

ಲೆಕ್ಕ ಹಾಕಿದಾಗ 8 ದಿನದಲ್ಲಿ 5 ಮಾತ್ರ ತಪ್ಪು, 3 ದಿನದ್ದು ನಿಜವಾದ ಸಾಲ ಅಂತ ಕಂಡರೆ ಹಾಗೇ ಬರೆಯುವುದು ಒಳ್ಳೆಯದು. ಮೂರು ದಿನದ್ದು ಕಟ್ಟಿ, ಐದಕ್ಕೆ ತಕರಾರು. ಕಾಗದದ ವಿಶ್ವಾಸಾರ್ಹತೆ ಜಾಸ್ತಿಯಾಗುತ್ತದೆ, ಬಡ್ಡಿಯೂ ಕಡಿಮೆ.

ಯಾರೂ ಕೇಳದಿದ್ದರೆ

ಇನ್ನೂ ಸೇವೆಯಲ್ಲಿರುವವರು ನೆಲೆಯ ಕಾನೂನು ನೆರವು ಕಚೇರಿಗೆ ಹೋಗಬಹುದು, ಖರ್ಚಿಲ್ಲ. ಹೊರಗಿರುವವರಿಗೆ ತಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿ ಒಳ್ಳೆಯ ದಾರಿ. ಇಂಥ ಅಹವಾಲುಗಳನ್ನು ನೋಡಿಕೊಳ್ಳೋಕೇ ಅಲ್ಲಿ ಸಿಬ್ಬಂದಿ ಇರುತ್ತಾರೆ. ನಿಮ್ಮ ಕಡತ ನೋಡಲು ಅನುಮತಿ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ಅವರು ಇಲಾಖೆಗೆ ವಿಚಾರಣೆ ಕಳಿಸುತ್ತಾರೆ. ಇದರಿಂದ ತೀರ್ಪು ಬದಲಾಗುತ್ತದೆ ಅಂತಲ್ಲ, ಉತ್ತರ ಬರುತ್ತದೆ.

ಮನ್ನಾ ನಿರಾಕರಣೆಯಾದರೆ ಮೇಲ್ಮನವಿ ರಕ್ಷಣಾ ಇಲಾಖೆಯ ಡೊಹಾ ಅನ್ನುವ ವಿಚಾರಣಾ ಕಚೇರಿಗೆ ಹೋಗುತ್ತದೆ. ದಾಖಲೆಯೇ ತಪ್ಪು, ಯೂನಿಟ್ ತಿದ್ದುತ್ತಿಲ್ಲ ಅನ್ನುವವರಿಗೆ ಇರುವುದು ಆಯಾ ಪಡೆಯ ದಾಖಲೆ ತಿದ್ದುಪಡಿ ಮಂಡಳಿ. ಫಾರಂ ಡಿಡಿ 149, ತಪ್ಪು ಗೊತ್ತಾದ 3 ವರ್ಷದೊಳಗೆ ಹಾಕಬೇಕು. ತಡವಾದರೂ ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಮನ್ನಿಸಬಹುದು. ಕೆಳಗಿನ ದಾರಿಗಳನ್ನೆಲ್ಲ ನೋಡಿ ಬಂದಿದ್ದೀರಾ ಅಂತ ಮೊದಲು ಕೇಳುತ್ತಾರೆ, ಆದ್ದರಿಂದ ಹಳೇ ಪತ್ರ ವ್ಯವಹಾರವೆಲ್ಲ ಜೊತೆಗಿರಬೇಕು. ನಿರ್ಧಾರಕ್ಕೆ ತಿಂಗಳುಗಳು ಬೇಕು, ಒಂದು ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಮಂಡಳಿ ರಜೆಯ ದಾಖಲೆ ತಿದ್ದಿದರೆ ಆಗಲೇ ಕಡಿತವಾದ ಹಣವೂ ವಾಪಸ್ ಬರಬಹುದು.

ಕಟ್ಟಕಡೆಗೆ ವಾಷಿಂಗ್ಟನ್‌ನಲ್ಲಿರುವ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್ ಇದೆ, ಸಂಬಳದ ದಾವೆಗೆ ಅಲ್ಲಿ ಕಾಲಮಿತಿ 6 ವರ್ಷ. ಆದರೆ 800 ಡಾಲರ್ ವಿಷಯಕ್ಕೆ ಅಲ್ಲಿಗೆ ಹೋದರೆ ವಕೀಲರ ಮೊದಲ ಬಿಲ್ಲೇ ಸಾಲವನ್ನು ಮೀರುತ್ತದೆ. ಅದು ಹತ್ತಾರು ಸಾವಿರ ಡಾಲರಿನ ತಕರಾರು ಇರುವವರ ದಾರಿ.